ಗೊಬ್ಬರಕ್ಕಿಂತ ಮೊದಲು ಬೇರು

"ಹೂವೆಲ್ಲ ಉದುರಿತು, ಇನ್ನು ಯಾವ ಗೊಬ್ಬರ ಹಾಕೋದು?" ಲಾಲ್‌ಬಾಗಿನ ಜನವರಿ ಫಲಪುಷ್ಪ ಪ್ರದರ್ಶನದಲ್ಲಿ ಕೊಂಡದ್ದೋ, ಗೃಹಪ್ರವೇಶಕ್ಕೆ ಯಾರೋ ತಂದುಕೊಟ್ಟದ್ದೋ ಆದ ಮಾತ್ ಆರ್ಕಿಡ್, ಅಂದರೆ ಫಲೆನಾಪ್ಸಿಸ್, ಏಪ್ರಿಲ್ ಹೊತ್ತಿಗೆ ಬರಿದಾದಾಗ ಎಲ್ಲರೂ ಕೇಳುವ ಮೊದಲ ಪ್ರಶ್ನೆ ಇದು. ಕೇಳುವವರು ಗಿಡವನ್ನು ಪ್ರೀತಿಯಿಂದಲೇ ನೋಡಿಕೊಂಡಿರುತ್ತಾರೆ. ಎಲೆ ಒರೆಸಿರುತ್ತಾರೆ, ಕಿಟಕಿಯ ಪಕ್ಕ ಇಟ್ಟಿರುತ್ತಾರೆ, ದಿನ ಬಿಟ್ಟು ದಿನ ನೀರು ಹಾಕಿರುತ್ತಾರೆ. ಆದರೂ ಆಗಸ್ಟ್ ಹೊತ್ತಿಗೆ ಎಲೆಗಳು ಸುಕ್ಕುಗಟ್ಟಿ ಜೋಲುತ್ತವೆ, ಕೆಳಗಿನವು ಒಂದೊಂದಾಗಿ ಹಳದಿಯಾಗಿ ಕಳಚುತ್ತವೆ. ಆಗ ಇನ್ನೊಂದು ಗೊಬ್ಬರದ ಡಬ್ಬಿ ಮನೆಗೆ ಬರುತ್ತದೆ. ಆ ಹಂತದಲ್ಲಿ ಗೊಬ್ಬರ ಹಾಕುವುದೆಂದರೆ ಗಿಡದ ಕೊನೆಯ ಬೇರನ್ನೂ ಸುಡುವುದು. ಹಸಿವಿನಿಂದ ಸಾಯುವ ಫಲೆನಾಪ್ಸಿಸ್ ಗಿಡ ಅಪರೂಪ. ಬೇರಿಗೆ ಉಸಿರು ಕಟ್ಟಿ ಸಾಯುವವೇ ಹೆಚ್ಚು. ಆದ್ದರಿಂದ ಗೊಬ್ಬರದ ಮಾತನ್ನು ಸ್ವಲ್ಪ ತಡೆದು, ಮೊದಲು ಕುಂಡದೊಳಗೆ ಏನಿದೆ ಎಂದು ನೋಡೋಣ.

ಬಿಚ್ಚಿದ ಕುಂಡದಲ್ಲಿ ಕಾಣುವುದು

ನರ್ಸರಿಯಿಂದ ತಂದು ವರ್ಷವಾದ ಗಿಡವನ್ನು ಹಳೆಯ ಪೇಪರ್ ಹಾಸಿದ ಮೇಜಿನ ಮೇಲೆ ಬಿಚ್ಚಿ ನೋಡಿದವರಿಗೆ ಈ ದೃಶ್ಯ ಗೊತ್ತಿರುತ್ತದೆ. ಹೊರಗೆ ಚಂದದ ಸೆರಾಮಿಕ್ ಕುಂಡ, ಅದಕ್ಕೆ ತಳದಲ್ಲಿ ತೂತಿಲ್ಲ. ಒಳಗೆ ತೆಳು ಪಾರದರ್ಶಕ ಪ್ಲಾಸ್ಟಿಕ್ ಕುಂಡ. ಅದನ್ನು ಹಿಚುಕಿ ಎಳೆದರೆ ಕುಂಡದ ಆಕಾರದಲ್ಲೇ ಒಂದು ಉಂಡೆ ಹೊರಬರುತ್ತದೆ. ಅಂಚಿನ ಸುತ್ತ ಬೆಳ್ಳಿ ಬಣ್ಣದ ಗಟ್ಟಿ ಬೇರುಗಳು ಸುತ್ತಿಕೊಂಡಿರುತ್ತವೆ, ನೋಡಿದರೆ ಗಿಡ ಗಟ್ಟಿಮುಟ್ಟಾಗಿದೆ ಅನ್ನಿಸುತ್ತದೆ. ಬೇರಿನ ಸುತ್ತ ಮಣ್ಣಿನ ಬದಲು ತುಂಬಿದ, ನೀರು ಹಿಡಿದಿಡುವ ಸ್ಫ್ಯಾಗ್ನಮ್ ಪಾಚಿಯನ್ನು ಎಳೆ ಎಳೆಯಾಗಿ ಬಿಡಿಸುತ್ತಾ ನಡುವಿಗೆ ಹೋದಂತೆ ಪಾಚಿಯ ಬಣ್ಣ ಕಂದಿನಿಂದ ಕಪ್ಪಿಗೆ ತಿರುಗುತ್ತದೆ, ಹುಳಿ ವಾಸನೆ ಬರುತ್ತದೆ. ಕೊನೆಗೆ ಕಾಂಡದ ಬುಡದಲ್ಲೇ, ಸಸಿ ಬೆಳೆಸುವಾಗ ಸುತ್ತಿದ ಒಂದು ಸಣ್ಣ ಪಾಚಿ ಮುದ್ದೆ ಸಿಗುತ್ತದೆ. ಕೆಲವೊಮ್ಮೆ ಅದರ ಸುತ್ತ ಬಲೆಯಂಥ ತೊಡುಗೆಯೂ ಇರುತ್ತದೆ. ಮೇಲ್ಭಾಗ ಒಣಗಿ ಗರಿಗರಿಯಾಗಿದ್ದರೂ ಆ ಮುದ್ದೆ ಇನ್ನೂ ನೀರು ಕುಡಿದು ಕೂತಿರುತ್ತದೆ. ಅದರೊಳಗಿನ ಬೇರುಗಳನ್ನು ಬೆರಳಲ್ಲಿ ಹಿಡಿದರೆ ಸಿಪ್ಪೆ ಕಳಚಿ ಬಂದು ಒಳಗಿನ ದಾರವಷ್ಟೇ ಉಳಿಯುತ್ತದೆ.

ನರ್ಸರಿಯವರು ಮಾಡಿದ್ದು ತಪ್ಪಲ್ಲ. ಹಸಿರುಮನೆಯಲ್ಲಿ ತಾಪ, ಬೆಳಕು, ಗಾಳಿಯ ಓಡಾಟ ಎಲ್ಲವೂ ಲೆಕ್ಕದಲ್ಲಿರುತ್ತವೆ, ಪಾಚಿ ಒಣಗಲು ಎಷ್ಟು ದಿನ ಬೇಕೆಂಬುದು ಅವರಿಗೆ ಗೊತ್ತಿರುತ್ತದೆ. ಬಿಗಿಯಾಗಿ ತುಂಬಿದ ಪಾಚಿ ದೂರದ ಸಾಗಾಣಿಕೆಯನ್ನೂ ತಡೆದುಕೊಳ್ಳುತ್ತದೆ. ಅದೇ ಕುಂಡ ನಮ್ಮ ಮನೆಯ ಮಬ್ಬು ಬೆಳಕಿನ ಮೂಲೆಗೆ ಬಂದಾಗ ನಾಲ್ಕು ದಿನಕ್ಕೆ ಒಣಗಬೇಕಾದದ್ದು ಹದಿನೈದು ದಿನವಾದರೂ ಒಣಗುವುದಿಲ್ಲ.

ಎಲೆ ಸುಕ್ಕುಗಟ್ಟುವ ಲಕ್ಷಣ ನಮ್ಮನ್ನು ದಾರಿ ತಪ್ಪಿಸುವುದು ಇಲ್ಲಿಯೇ. ನೀರು ಸಾಲದಿದ್ದರೂ ಎಲೆ ಸುಕ್ಕಾಗುತ್ತದೆ, ಬೇರು ಕೊಳೆತು ನೀರು ಹೀರಲಾಗದಿದ್ದರೂ ಅಷ್ಟೇ ಸುಕ್ಕಾಗುತ್ತದೆ. ಎಲೆ ನೋಡಿ ಇನ್ನಷ್ಟು ನೀರು ಸುರಿದವರು ಎರಡನೆಯ ಸಂದರ್ಭದಲ್ಲಿ ಕೊಳೆಯನ್ನೇ ಬೆಳೆಸುತ್ತಾರೆ. ಎರಡಕ್ಕೂ ವ್ಯತ್ಯಾಸ ಹೇಳಬಲ್ಲದ್ದು ಬೇರು ಮಾತ್ರ. ಪಾರದರ್ಶಕ ಕುಂಡವನ್ನೇ ಬಳಸಿ ಎಂದು ಒತ್ತಾಯಿಸುವುದು ಇದೇ ಕಾರಣಕ್ಕೆ.

ಮರದ ಮೇಲಿನ ಬೇರು

ಮಲೆನಾಡಿನ ತೋಟದ ಅಂಚಿನಲ್ಲಿ ಹಳೆಯ ಹಲಸಿನ ಮರದ ಕೊಂಬೆಗೆ ಅಂಟಿಕೊಂಡ ಸೀತಾಳೆ ದಂಡೆ ಎಂಬ ಕಾಡು ಆರ್ಕಿಡ್ ಅನ್ನು ಆಷಾಢದ ಮಳೆಯಲ್ಲಿ ನೋಡಬೇಕು. ಬೇರುಗಳು ತೊಗಟೆಯ ಮೇಲೆ ಹರಡಿ, ಕೆಲವು ಗಾಳಿಯಲ್ಲಿ ತೂಗುತ್ತಿರುತ್ತವೆ. ದಿನವಿಡೀ ಜಡಿಮಳೆ ಹೊಯ್ದರೂ ಅವು ಕೊಳೆಯುವುದಿಲ್ಲ. ನೀರು ತಾಗಿದ ಕ್ಷಣ ಬೂದುಬಿಳಿ ಬೇರು ಹಸಿರಾಗುತ್ತದೆ, ಮಳೆ ನಿಂತು ಗಾಳಿ ಆಡಿದರೆ ಕೆಲವೇ ಗಂಟೆಯಲ್ಲಿ ಮತ್ತೆ ಬಿಳಿಯಾಗುತ್ತದೆ. ಇದು ಮರದ ರಸ ಹೀರುವ ಬಂದಳಿಕೆಯಲ್ಲ, ಮರ ಇದಕ್ಕೆ ಕೂರುವ ಜಾಗ ಮಾತ್ರ. ಮಾತ್ ಆರ್ಕಿಡ್ ಬದುಕುವ ಕ್ರಮವೂ ಇದೇ. ಅಂಗಡಿಯ ಮಿಶ್ರತಳಿಗಳ ಹಿರೀಕರಾದ ಅಮಾಬಿಲಿಸ್, ಆಫ್ರೊಡೈಟಿ, ಷಿಲ್ಲೇರಿಯಾನಾ ಪ್ರಭೇದಗಳು ಆಗ್ನೇಯ ಏಷ್ಯಾದ ಕಾಡುಗಳವು. ಅದೇ ಕುಲದ ಪುಟ್ಟ ಸದಸ್ಯೆ ಫಲೆನಾಪ್ಸಿಸ್ ಡೆಲಿಸಿಯೋಸಾ ನಮ್ಮ ಪಶ್ಚಿಮ ಘಟ್ಟದಲ್ಲೂ ಇದೆ. (ಅದನ್ನು ಕಾಡಿನಿಂದ ಕಿತ್ತು ತರುವ ಆಸೆ ದಯವಿಟ್ಟು ಬೇಡ. ಅದು ಮನೆಯಲ್ಲಿ ಬದುಕುವುದೂ ಇಲ್ಲ, ಕಾಡಿನಲ್ಲಿ ಒಂದು ಕಡಿಮೆಯಾಗುತ್ತದೆ.)

ಬೇರಿನ ಹೊರಗಿನ ಬಿಳಿ ಹೊದಿಕೆಗೆ ವೆಲಮೆನ್ ಎನ್ನುತ್ತಾರೆ. ಅದು ಸತ್ತ ಕೋಶಗಳ ಪದರ, ಸ್ಪಂಜಿನಂತೆ ನೀರನ್ನು ಸರಕ್ಕನೆ ಹೀರಿ ಒಳಗಿನ ಜೀವಂತ ಬೇರಿಗೆ ನಿಧಾನವಾಗಿ ಕೊಡುತ್ತದೆ. ಅದು ಒದ್ದೆಯಾಗಿರುವಷ್ಟು ಹೊತ್ತು ಒಳಗಿನ ಕೋಶಗಳಿಗೆ ಆಮ್ಲಜನಕ ಸರಿಯಾಗಿ ಸಿಗುವುದಿಲ್ಲ, ಹಾಗಾಗಿ ಒಣಗುವ ವಿರಾಮ ಅದಕ್ಕೆ ಬೇಕೇ ಬೇಕು. ಡೆಂಡ್ರೋಬಿಯಂ ಎಂಬ ಇನ್ನೊಂದು ಆರ್ಕಿಡ್‌ಗೆ ಇರುವಂಥ ನೀರು ಕೂಡಿಡುವ ದಪ್ಪ ಕಾಂಡ ಇದಕ್ಕಿಲ್ಲ. ದಪ್ಪ ಎಲೆ ಮತ್ತು ಬೇರು, ಇವೆರಡೇ ಇದರ ಉಗ್ರಾಣ. ಬೇರು ಹೋದರೆ ಅರ್ಧ ಉಗ್ರಾಣವೂ ಹೋಯಿತು, ತುಂಬಿಸುವ ದಾರಿಯೂ ಹೋಯಿತು.

ಯಾವಾಗ ಬಿಚ್ಚಬೇಕು

ಹೂವು ಮುಗಿದು, ಹೊಸ ಎಲೆ ಇಣುಕಿ, ಕಾಂಡದ ಬುಡದಲ್ಲಿ ಹಸಿರು ಅಥವಾ ಕೆಂಪು ತುದಿಯ ಹೊಸ ಬೇರು ಅರ್ಧ ಸೆಂಟಿಮೀಟರಿನಷ್ಟು ಚಾಚಿದಾಗ. ಬೆಂಗಳೂರು, ಮೈಸೂರು ಕಡೆ ಇದು ಹೆಚ್ಚಾಗಿ ಏಪ್ರಿಲ್ ಕೊನೆಯಿಂದ ಜೂನ್ ನಡುವೆ ಬರುತ್ತದೆ. ಆಗ ಬಿಚ್ಚಿದ ಗಿಡ ಹೊಸ ಮಿಶ್ರಣಕ್ಕೆ ಬೇಗ ಬೇರು ಬಿಡುತ್ತದೆ. ನವೆಂಬರ್-ಡಿಸೆಂಬರಿನಲ್ಲಿ ಹೂದಂಟು ಹೊರಡುವ ಹೊತ್ತು ಮುಟ್ಟಬಾರದು, ದಂಟು ಕಮರುತ್ತದೆ. ಇದಕ್ಕೆ ಒಂದೇ ಅಪವಾದ: ಬೇರು ಕೊಳೆಯುತ್ತಿರುವುದು ಖಚಿತವಾದರೆ ತಿಂಗಳು ನೋಡಬೇಡಿ. ಹೂದಂಟನ್ನು ಕತ್ತರಿಸಿ ನೀರಿನ ಹೂದಾನಿಯಲ್ಲಿಡಿ, ಗಿಡವನ್ನು ಬಿಚ್ಚಿ.

ಪಾಚಿಯಲ್ಲಿರುವ ಗಿಡವನ್ನು ವರ್ಷಕ್ಕೊಮ್ಮೆ, ಪೈನ್ ಮರದ ತೊಗಟೆಯ ಚೂರುಗಳಲ್ಲಿರುವುದನ್ನು ಒಂದೂವರೆಯಿಂದ ಎರಡು ವರ್ಷಕ್ಕೊಮ್ಮೆ ಬದಲಿಸುವುದು ಸರಿ. ಹೆಚ್ಚಿನವರು ಕುಂಡ ಚಿಕ್ಕದಾಯಿತೆಂದು ಬದಲಿಸುತ್ತಾರೆ. ನಿಜವಾದ ಕಾರಣ ಬೇರೆ. ತೊಗಟೆ ಕೊಳೆಯುತ್ತಾ ಪುಡಿಯಾಗಿ, ಚೂರುಗಳ ನಡುವಿನ ಗಾಳಿಯ ಸಂದು ಮುಚ್ಚಿಹೋಗುತ್ತದೆ. ಬೆರಳಲ್ಲಿ ತೊಗಟೆಯ ಚೂರನ್ನು ಒತ್ತಿದರೆ ಮೆತ್ತಗೆ ಮುರಿಯುತ್ತಿದೆಯೇ? ನೀರು ಹಾಕಿದಾಗ ತಕ್ಷಣ ತಳದಿಂದ ಇಳಿಯದೆ ಮೇಲೆ ನಿಲ್ಲುತ್ತಿದೆಯೇ? ಹಾಗಿದ್ದರೆ ಕುಂಡ ಎಷ್ಟೇ ದೊಡ್ಡದಿದ್ದರೂ ಬದಲಿಸುವ ಕಾಲ ಬಂದಿದೆ.

ಮಿಶ್ರಣ ಊರಿಗೆ ತಕ್ಕಂತೆ

ಇಲ್ಲಿ ಸ್ವಲ್ಪ ಹೊತ್ತು ನಿಲ್ಲಬೇಕು, ಏಕೆಂದರೆ ಬೇರೆ ಹವೆಯ ಊರಿನವರ ಪಾಕವನ್ನು ಹಾಗೆಯೇ ಅನುಸರಿಸಿ ಕೆಟ್ಟ ಗಿಡಗಳು ಬಹಳ. ಬೆಂಗಳೂರಿನಲ್ಲಿ ಮಾರ್ಚ್ ಮಧ್ಯಾಹ್ನ ಗಾಳಿಯ ತೇವಾಂಶ 30 ಶೇಕಡದ ಆಸುಪಾಸಿಗೆ ಇಳಿಯುತ್ತದೆ. ಅಲ್ಲಿ ಬರೀ ಇದ್ದಿಲಿನಲ್ಲಿ ಕೂರಿಸಿದ ಗಿಡ ದಿನದೊಳಗೆ ಒಣಗುತ್ತದೆ. ಮಂಗಳೂರು, ಉಡುಪಿ, ಕಾರವಾರದಲ್ಲಿ ಜುಲೈ ತಿಂಗಳಿಡೀ ಬಟ್ಟೆಯೇ ಒಣಗುವುದಿಲ್ಲ, ಅಲ್ಲಿ ಪಾಚಿ ತುಂಬಿದ ಕುಂಡ ಕೊಳೆಗೆ ಆಹ್ವಾನ.

ಬಯಲುಸೀಮೆ ಮತ್ತು ಬೆಂಗಳೂರಿನ ಮನೆಯೊಳಗಿನ ಗಿಡಕ್ಕೆ ಅಳತೆಯ ಪಾತ್ರೆಯಲ್ಲಿ 6 ಪಾಲು ಪೈನ್ ತೊಗಟೆ, 2 ಪಾಲು ಇದ್ದಿಲು, 1 ಪಾಲು ಪರ್ಲೈಟ್ (ಹಗುರವಾದ ಬಿಳಿ ಕಲ್ಲಿನ ಕಾಳು), 1 ಪಾಲು ಕತ್ತರಿಸಿದ ಸ್ಫ್ಯಾಗ್ನಮ್ ಪಾಚಿ. ತೊಗಟೆಯ ಚೂರು 12ರಿಂದ 20 ಮಿಲಿಮೀಟರ್ ಇರಲಿ, ಸಣ್ಣ ಸಸಿಗಾದರೆ 6ರಿಂದ 10. ಕರಾವಳಿಯಲ್ಲಿ 4 ಪಾಲು ಇದ್ದಿಲು, 3 ಪಾಲು ಹೆಂಚಿನ ಚೂರು, 3 ಪಾಲು ತೊಗಟೆ ಅಥವಾ ತೆಂಗಿನ ಸಿಪ್ಪೆಯ ಚೂರು. ಅಲ್ಲಿ ಹಳೆಯ ಮಂಗಳೂರು ಹೆಂಚು ಧಾರಾಳವಾಗಿ ಸಿಗುತ್ತದೆ, ಅದಕ್ಕಿಂತ ಒಳ್ಳೆಯ ಸಾಮಗ್ರಿ ಹುಡುಕಬೇಕಿಲ್ಲ. ಕುಟ್ಟಿ, ಜರಡಿ ಹಿಡಿದು, ಪುಡಿಯನ್ನೆಲ್ಲ ತೊಳೆದು ತೆಗೆಯಬೇಕು. ಇದ್ದಿಲು ಸೌದೆಯದ್ದೇ ಆಗಬೇಕು. ಬಾರ್ಬೆಕ್ಯೂಗೆ ಮಾರುವ ಒತ್ತಿದ ಇದ್ದಿಲುಂಡೆಯಲ್ಲಿ ಅಂಟು ಸೇರಿರುತ್ತದೆ, ಅದು ಬೇಡ.

ತೆಂಗಿನ ಸಿಪ್ಪೆ ನಮ್ಮಲ್ಲಿ ಬಿಟ್ಟಿಯಾಗಿ ಸಿಗುವುದರಿಂದ ಎಲ್ಲರೂ ಅದಕ್ಕೇ ಕೈಹಾಕುತ್ತಾರೆ. ಅದರಲ್ಲಿ ಸೋಡಿಯಂ, ಪೊಟ್ಯಾಷಿಯಂ ಲವಣ ಸಾಕಷ್ಟಿರುತ್ತದೆ, ಹಾಗೇ ಬಳಸಿದರೆ ಹೊಸ ಬೇರಿನ ತುದಿ ಕಪ್ಪಾಗುತ್ತದೆ. ಚೂರು ಮಾಡಿ 24 ಗಂಟೆ ನೆನೆಸಿ ಕಂದು ನೀರು ಚೆಲ್ಲಿ. ಹೀಗೆ ಮೂರು ಸಲ. ಆಮೇಲೆ ಲೀಟರಿಗೆ 5 ಗ್ರಾಂ ಕ್ಯಾಲ್ಸಿಯಂ ನೈಟ್ರೇಟ್ ಕರಗಿಸಿದ ನೀರಿನಲ್ಲಿ ಒಂದು ರಾತ್ರಿ ಇಟ್ಟು, ಮತ್ತೊಮ್ಮೆ ತೊಳೆಯಬೇಕು. ಕ್ಯಾಲ್ಸಿಯಂ ಹೋಗಿ ಸಿಪ್ಪೆಗೆ ಅಂಟಿಕೊಂಡಾಗ ಅಲ್ಲಿದ್ದ ಸೋಡಿಯಂ ಬಿಟ್ಟುಕೊಳ್ಳುತ್ತದೆ. ಇದನ್ನು ಮಾಡದೆ ಸಿಪ್ಪೆ ತುಂಬಿದರೆ, ಮುಂದೆ ನೀವು ಹಾಕುವ ಕ್ಯಾಲ್ಸಿಯಂ ಗಿಡಕ್ಕಿಂತ ಮೊದಲು ಸಿಪ್ಪೆಗೇ ಹೋಗುತ್ತದೆ.

ಪೈನ್ ತೊಗಟೆಯನ್ನೂ ಹಿಂದಿನ ರಾತ್ರಿ ನೆನೆಸಿಡಿ. ಒಣ ತೊಗಟೆ ನೀರನ್ನು ಹತ್ತಿರ ಸೇರಿಸುವುದಿಲ್ಲ. ಮೊದಲ ಕೆಲವು ವಾರ ಹೊಸ ತೊಗಟೆ ಹಳೆಯದಕ್ಕಿಂತ ಬೇಗ ಒಣಗುತ್ತದೆ ಎಂಬುದೂ ನೆನಪಿರಲಿ.

ಬಿಚ್ಚಿ, ಕತ್ತರಿಸಿ, ಕೂರಿಸುವುದು

ಹಿಂದಿನ ದಿನ ನೀರು ಹಾಕಿಡಿ. ಒಣಗಿದ ಬೇರು ಬಗ್ಗಿಸಿದರೆ ಪಟ್ಟನೆ ಮುರಿಯುತ್ತದೆ, ನೀರು ಕುಡಿದದ್ದು ಬಾಗುತ್ತದೆ. ಕುಂಡವನ್ನು ಎಲ್ಲ ಕಡೆ ಹಿಚುಕಿ ಸಡಿಲಿಸಿ. ಬರದಿದ್ದರೆ ಎಲೆ ಹಿಡಿದು ಎಳೆಯದೆ ಕುಂಡವನ್ನೇ ಕತ್ತರಿಸಿ. ಮಣ್ಣಿನ ಕುಂಡವಾದರೆ ಬೇರು ಗೋಡೆಗೆ ಅಂಟಿಕೊಂಡಿರುತ್ತದೆ. ಕುಂಡ ಒಡೆದು, ಬೇರಿಗೆ ಕಚ್ಚಿಕೊಂಡ ಚೂರುಗಳನ್ನು ಹಾಗೇ ಬಿಟ್ಟು ಹೊಸದರಲ್ಲಿ ಕೂರಿಸುವುದೇ ಲೇಸು. ಹಳೆಯ ಪಾಚಿಯನ್ನು ಪೂರ್ತಿ ತೆಗೆಯಿರಿ, ಮುಖ್ಯವಾಗಿ ನಡುವಿನ ಆ ಮುದ್ದೆಯನ್ನು. ಹರಿಯುವ ನೀರಿನಲ್ಲಿ, ಚಿಮಟದಲ್ಲಿ ಎಳೆ ಎಳೆಯಾಗಿ ಬಿಡಿಸಬೇಕು. ಅರ್ಧ ಗಂಟೆ ಹಿಡಿದರೂ ಸರಿ.

ಬೇರನ್ನು ಬಣ್ಣ ನೋಡಿ ಕತ್ತರಿಸಬೇಡಿ, ಒತ್ತಿ ನೋಡಿ. ಬೆಳಕು ಕಾಣದೆ ಕಂದಾಗಿದ್ದರೂ ಗಟ್ಟಿಯಾಗಿದ್ದರೆ ಅದು ಜೀವಂತ ಬೇರು. ಟೊಳ್ಳಾಗಿದ್ದು ಬೆರಳಿಗೆ ಚಪ್ಪಟೆಯಾಗುವುದು, ನೀರು ಜಿನುಗಿಸಿ ಜಾರುವುದು ಸತ್ತದ್ದು. ಅರ್ಧ ಸತ್ತಿದ್ದರೆ ಜೀವ ಇರುವಲ್ಲಿಯವರೆಗೆ ಮಾತ್ರ ಕತ್ತರಿಸಿ. ಬ್ಲೇಡಿನ ವಿಷಯದಲ್ಲಿ ಜಿಪುಣತನ ಬೇಡ. ಸಿಂಬಿಡಿಯಂ ಮೊಸಾಯಿಕ್ ವೈರಸ್, ಒಡಾಂಟೊಗ್ಲಾಸಮ್ ರಿಂಗ್‌ಸ್ಪಾಟ್ ವೈರಸ್ ಎರಡೂ ಕತ್ತರಿಗೆ ಅಂಟಿದ ರಸದ ಮೂಲಕ ಗಿಡದಿಂದ ಗಿಡಕ್ಕೆ ಹೋಗುತ್ತವೆ, ಬಂದ ಮೇಲೆ ಔಷಧಿಯಿಲ್ಲ. ಒಂದು ಗಿಡಕ್ಕೆ ಒಂದು ಹೊಸ ಶೇವಿಂಗ್ ಬ್ಲೇಡ್, ಕೆಲಸ ಮುಗಿದ ಮೇಲೆ ಕಸಕ್ಕೆ. ಕತ್ತರಿಯೇ ಬೇಕಾದರೆ ಒಲೆಯ ಉರಿಯಲ್ಲಿ ಚೆನ್ನಾಗಿ ಕಾಯಿಸಿ ಆರಿಸಿ. ಸ್ಪಿರಿಟ್ ಒರೆಸುವುದು ಶಿಲೀಂಧ್ರ, ಬ್ಯಾಕ್ಟೀರಿಯಾಕ್ಕೆ ಸಾಕು, ವೈರಸ್ಸಿಗೆ ಅದನ್ನೇ ನಂಬಬೇಡಿ.

ಚಕ್ಕೆ ಪುಡಿಯ ಬಗ್ಗೆ ಒಂದು ಮಾತು. ಕತ್ತರಿಸಿದ ಜಾಗಕ್ಕೆ ಚಕ್ಕೆ ಪುಡಿ ಹಚ್ಚಿ ಎಂಬ ಸಲಹೆ ಎಲ್ಲೆಡೆ ಇದೆ. ಎಲೆ ಕತ್ತರಿಸಿದಲ್ಲಿ, ಕಾಂಡದ ಗಾಯಕ್ಕೆ ಅದು ಒಳ್ಳೆಯದೇ, ಗಾಯ ಬೇಗ ಒಣಗುತ್ತದೆ. ಆದರೆ ಒಣಗಿಸುವ ಅದೇ ಗುಣ ಬೇರಿಗೆ ಕೆಟ್ಟದ್ದು. ಬೇರಿನ ಮೇಲೆಲ್ಲ ಉದುರಿಸಿದರೆ ಒಳ್ಳೆಯ ಬೇರೂ ಬತ್ತುತ್ತದೆ. ಕೊಳೆ ಜೋರಾಗಿದ್ದ ಗಿಡಕ್ಕೆ ಕಾರ್ಬೆಂಡಜಿಮ್-ಮ್ಯಾಂಕೊಜೆಬ್ ಎಂಬ ಶಿಲೀಂಧ್ರನಾಶಕ ಮಿಶ್ರಣವನ್ನು ಲೀಟರಿಗೆ 2 ಗ್ರಾಂ ಕರಗಿಸಿ, ಕೈಗವಸು ಹಾಕಿಕೊಂಡು, ಬೇರನ್ನು ಹತ್ತು ನಿಮಿಷ ಅದ್ದಿ ತೆಗೆದರೆ ಸಾಕು. ಆರೋಗ್ಯವಾಗಿದ್ದ ಗಿಡಕ್ಕೆ ಅದೂ ಬೇಡ. ಹೈಡ್ರೋಜನ್ ಪೆರಾಕ್ಸೈಡ್ ಸುರಿದು ನೊರೆ ನೋಡಿ ಸಂತೋಷಪಡುವವರಿದ್ದಾರೆ. ಅದು ಜೀವಂತ ಕೋಶವನ್ನೂ ಬಿಡುವುದಿಲ್ಲ, ಹೊಸ ಬೇರಿನ ತುದಿಯನ್ನೂ ಸುಡುತ್ತದೆ.

ಎಲೆಗಳ ಸಂದಿಯಲ್ಲಿ, ಕೆಳಗಿನ ಒಣ ಪೊರೆಯ ಅಡಿಯಲ್ಲಿ ಹಿಟ್ಟು ತಿಗಣೆ ಅಡಗಿದೆಯೇ ಎಂದು ನೋಡಲು ಇದೇ ಸಮಯ. ಪೊರೆ ಸುಲಿದು, ಹತ್ತಿಗೆ ಸ್ಪಿರಿಟ್ ಅದ್ದಿ ಒರೆಸಿ.

ಹೊಸ ಕುಂಡದ ಗಾತ್ರವನ್ನು ಎಲೆಯ ಹರವು ನೋಡಿ ಆರಿಸಬೇಡಿ. ಉಳಿದಿರುವ ಬೇರಿನ ಗೊಂಚಲು ಹಿಡಿಸುವಷ್ಟೇ ಕುಂಡ ಸಾಕು. ಬಹುತೇಕ ಗಿಡಗಳಿಗೆ 4ರಿಂದ 5 ಇಂಚು. ಅರ್ಧ ಬೇರು ಕತ್ತರಿಸಿದ ಗಿಡಕ್ಕೆ ಮೊದಲಿಗಿಂತ ಚಿಕ್ಕ ಕುಂಡವೇ ಬೇಕಾಗಬಹುದು. ದೊಡ್ಡ ಕುಂಡದ ನಡುವೆ ಬೇರಿಲ್ಲದ ಜಾಗ ವಾರಗಟ್ಟಲೆ ಒದ್ದೆಯಾಗಿಯೇ ಇರುತ್ತದೆ. ತಳದಲ್ಲಷ್ಟೇ ಅಲ್ಲ, ಪಕ್ಕದಲ್ಲೂ ತೂತುಗಳಿರಲಿ. ಇಲ್ಲದಿದ್ದರೆ ಕಾದ ಮೊಳೆಯಿಂದ ಹತ್ತಾರು ಮಾಡಿಕೊಳ್ಳಿ.

ಕೂರಿಸುವಾಗ ಅತಿ ಕೆಳಗಿನ ಎಲೆಯ ಬುಡ ಮಿಶ್ರಣದ ಮಟ್ಟಕ್ಕೆ ಸರಿಯಾಗಿರಬೇಕು. ಎಲೆಯ ಬುಡ ಹೂತರೆ ಕಾಂಡ ಕೊಳೆಯುತ್ತದೆ, ತೀರಾ ಮೇಲಿದ್ದರೆ ಹೊಸ ಬೇರು ಗಾಳಿಯಲ್ಲೇ ಒಣಗುತ್ತದೆ. ಬೇರುಗಳ ನಡುವೆ ಮಿಶ್ರಣ ಸುರಿಯುತ್ತಾ ಕುಂಡದ ಪಕ್ಕವನ್ನು ಕೈಯಿಂದ ತಟ್ಟಿ, ಚೂರುಗಳು ತಾವೇ ಇಳಿದು ಕೂರುತ್ತವೆ. ಗುದ್ದಿ ತುಂಬಬೇಡಿ. ಗಿಡ ಅಲುಗಾಡಿದರೆ ಹೊಸ ಬೇರಿನ ತುದಿ ಚೂರಿಗೆ ಉಜ್ಜಿ ಮುರಿಯುತ್ತದೆ, ಆದ್ದರಿಂದ ಒಂದು ಕಡ್ಡಿ ಊರಿ ಸಡಿಲವಾಗಿ ಕಟ್ಟಿ. ಮೊದಲಿನಿಂದಲೇ ಹೊರಗೆ ಚಾಚಿಕೊಂಡಿದ್ದ ಗಾಳಿಬೇರುಗಳನ್ನು ಒಳಗೆ ತುರುಕುವುದು ಬೇಡ, ಗಾಳಿಗೆ ಹೊಂದಿಕೊಂಡ ಬೇರು ಒದ್ದೆ ಮಿಶ್ರಣದೊಳಗೆ ಹೋದರೆ ಹಲವು ಸಲ ಕೊಳೆಯುತ್ತದೆ.

ಪಾಚಿಯಲ್ಲೇ ಬೆಳೆಸುವೆ ಎನ್ನುವವರು ಇದ್ದಾರೆ, ಬೆಂಗಳೂರಿನ ಒಣ ಹವೆಗೆ ಅದು ತಪ್ಪೂ ಅಲ್ಲ. ನೆನೆಸಿ, ಹನಿ ಬೀಳದಷ್ಟು ಹಿಂಡಿ, ಸಡಿಲವಾಗಿ ತುಂಬಿ, ನಡುವೆ ನಾಲ್ಕಾರು ಥರ್ಮಾಕೋಲ್ ಚೂರು ಇಟ್ಟರೆ ಗಾಳಿಗೆ ದಾರಿಯಾಗುತ್ತದೆ.

ಕತ್ತರಿಸಿದ ಗಾಯಗಳು ಹೆಚ್ಚಿದ್ದರೆ ಮೂರು ದಿನ ನೀರು ಹಾಕಬೇಡಿ. ನೆನೆಸಿದ ತೊಗಟೆಯ ತೇವವೇ ಸಾಕು. ನೆರಳಿನಲ್ಲಿಡಿ. ಗೊಬ್ಬರ ಸುತರಾಂ ಬೇಡ. ಮೂರರಿಂದ ಆರು ವಾರದೊಳಗೆ ಹಸಿರು ತುದಿ ಕಾಣಿಸಬೇಕು. ಕಾಣುವವರೆಗೆ ಕಾಯುವುದೇ ಕೆಲಸ.

ನೀರು ಯಾವುದು

ಎಷ್ಟು ದಿನಕ್ಕೊಮ್ಮೆ ಎಂಬ ಪ್ರಶ್ನೆಗೆ ಬೇರೇ ಉತ್ತರ: ಕುಂಡದೊಳಗೆ ಕಾಣುವ ಬೇರು ಬೆಳ್ಳಗಾಗಿ, ಕುಂಡ ಎತ್ತಿದರೆ ಹಗುರವಾಗಿದ್ದಾಗ. ಬೆಂಗಳೂರಿನಲ್ಲಿ ತೊಗಟೆ ಮಿಶ್ರಣಕ್ಕೆ ಬೇಸಿಗೆಯಲ್ಲಿ 3-4 ದಿನ, ಮಳೆ-ಚಳಿಯಲ್ಲಿ 6-8 ದಿನ ಎಂಬ ಅಂದಾಜು ಹಿಡಿದು ಶುರುಮಾಡಬಹುದು. ಬೆಳಿಗ್ಗೆಯೇ ಹಾಕಿ. ಸುಳಿಯಲ್ಲಿ ನೀರು ನಿಂತರೆ ಟಿಶ್ಯೂ ಕಾಗದದಿಂದ ಹೀರಿ ತೆಗೆಯಿರಿ. ಕಾಡಿನಲ್ಲಿ ಈ ಗಿಡ ಓರೆಯಾಗಿ ಜೋತುಬಿದ್ದು ಬೆಳೆಯುತ್ತದೆ, ಸುಳಿಯಲ್ಲಿ ನೀರು ನಿಲ್ಲುವ ಪ್ರಮೇಯವೇ ಇಲ್ಲ. ನಮ್ಮ ಕುಂಡದಲ್ಲಿ ನೆಟ್ಟಗೆ ನಿಲ್ಲಿಸಿರುತ್ತೇವೆ. ಸುಳಿ ಕೊಳೆ ಬಂದರೆ ಗಿಡ ಉಳಿಯುವುದು ಕಷ್ಟ, ಅಡಿಕೆ, ತೆಂಗಿನ ಹಾಗೆ ಇದಕ್ಕೂ ಬೆಳೆಯುವ ತುದಿ ಅದೊಂದೇ. ಕುಂಡವನ್ನು ಸ್ವಲ್ಪ ಓರೆಯಾಗಿ ಇಟ್ಟರೂ ಒಳ್ಳೆಯದೇ.

ನಗರದ ಮನೆಗಳಲ್ಲಿ ನೀರು ಉಳಿಸುವ ಒಳ್ಳೆಯ ಮನಸ್ಸಿನಿಂದ ಆರ್‌ಒ ಯಂತ್ರದ ತ್ಯಾಜ್ಯ ನೀರನ್ನು ಬಕೆಟ್ಟಿನಲ್ಲಿ ಹಿಡಿದು ಗಿಡಗಳಿಗೆ ಹಾಕುತ್ತಾರೆ. ಮಣ್ಣಿನ ಗಿಡ ಒಂದಷ್ಟು ತಡೆದೀತು. ಆರ್ಕಿಡ್‌ಗೆ ಇದು ವಿಷ. ಬೋರ್‌ವೆಲ್ ನೀರಿನಲ್ಲಿದ್ದ ಲವಣವೆಲ್ಲ ಇನ್ನಷ್ಟು ಸಾಂದ್ರವಾಗಿ ಆ ಬಕೆಟ್ಟಿನಲ್ಲಿರುತ್ತದೆ. ಅಪಾರ್ಟ್‌ಮೆಂಟಿನ ಸಾಫ್ಟನರ್ ನೀರೂ ಬೇಡ, ಗಡಸು ಹೋದರೂ ಅದರ ಬದಲಿಗೆ ಸೋಡಿಯಂ ಬಂದಿರುತ್ತದೆ. ಮಳೆನೀರು ಎಲ್ಲಕ್ಕಿಂತ ಮೇಲು. ತಾರಸಿಯ ಮೊದಲ ಮಳೆ ಬಿಟ್ಟು, ಆಮೇಲಿನದನ್ನು ಮುಚ್ಚಿದ ಡ್ರಮ್ಮಿನಲ್ಲಿ ಹಿಡಿದಿಟ್ಟುಕೊಳ್ಳಬಹುದು. ಇಲ್ಲವೇ ಕುಡಿಯುವ ಆರ್‌ಒ ನೀರು, ಅಥವಾ ಟಿಡಿಎಸ್ (ನೀರಿನಲ್ಲಿ ಕರಗಿದ ಲವಣಗಳ ಪ್ರಮಾಣ) 200ರ ಒಳಗಿನ ನಲ್ಲಿ ನೀರು. ಟಿಡಿಎಸ್ ಅಳೆಯುವ ಪುಟ್ಟ ಮೀಟರ್ ಯಾವ ಗೊಬ್ಬರದ ಡಬ್ಬಿಗಿಂತಲೂ ಉಪಯೋಗದ ಖರ್ಚು.

ಈಗ ಗೊಬ್ಬರ

ಲೆಕ್ಕ ಸುಲಭ. ಲೀಟರಿಗೆ ಹಾಕಿದ ಗ್ರಾಂ ಅನ್ನು ಚೀಲದ ಮೇಲಿನ ಸಾರಜನಕದ ಶೇಕಡದಿಂದ ಗುಣಿಸಿ, ಮತ್ತೆ 10ರಿಂದ ಗುಣಿಸಿದರೆ ಪಿಪಿಎಂ, ಅಂದರೆ ಲೀಟರಿಗೆ ಎಷ್ಟು ಮಿಲಿಗ್ರಾಂ ಸಾರಜನಕ ಎಂಬುದು, ಸಿಗುತ್ತದೆ. ಗೊಬ್ಬರದಂಗಡಿಯಲ್ಲಿ ನೈಂಟೀನ್ ಆಲ್ ಎಂದು ಕೇಳಿದರೆ ಕೊಡುವ 19:19:19 (ಸಾರಜನಕ, ರಂಜಕ, ಪೊಟ್ಯಾಷ್ ತಲಾ 19 ಶೇಕಡ) ಅನ್ನು ಲೀಟರಿಗೆ ಅರ್ಧ ಗ್ರಾಂ ಹಾಕಿದರೆ 95 ಪಿಪಿಎಂ ಸಾರಜನಕ. ಮನೆಯ ಗಿಡಕ್ಕೆ ಇದು ಹೇರಳ. ಮಟ್ಟಸವಾಗಿ ತೆಗೆದ ಒಂದು ಟೀ ಚಮಚ ಸುಮಾರು 5 ಗ್ರಾಂ ತೂಗುತ್ತದೆ, ಅಂದರೆ 10 ಲೀಟರ್ ಬಕೆಟ್ಟಿಗೆ ಒಂದು ಚಮಚ. ಚೀಲದ ಮೇಲೆ ಬೆಳೆಗಳಿಗೆ ಸಿಂಪಡಿಸಲು ಬರೆದ ಲೀಟರಿಗೆ 5 ಗ್ರಾಂ ಪ್ರಮಾಣ ಇದರ ಹತ್ತುಪಟ್ಟು. ಅದನ್ನು ಓದಿ ಕುಂಡಕ್ಕೆ ಸುರಿದವರ ಗಿಡದ ಬೇರಿನ ತುದಿಗಳೆಲ್ಲ ಕಪ್ಪಾಗುತ್ತವೆ.

ನೈಂಟೀನ್ ಆಲ್ ಒಂದರಿಂದಲೇ ವರ್ಷಗಟ್ಟಲೆ ನಡೆಸಲಾಗದು. ಅದರ 19 ಭಾಗ ಸಾರಜನಕದಲ್ಲಿ ಸಾಮಾನ್ಯವಾಗಿ ಹತ್ತಕ್ಕೂ ಹೆಚ್ಚು ಭಾಗ ಯೂರಿಯಾ ರೂಪದಲ್ಲಿರುತ್ತದೆ, ನೈಟ್ರೇಟ್ ಸುಮಾರು 4 ಮಾತ್ರ. ಅಮೆರಿಕದ ಟೆಕ್ಸಾಸ್‌ನಲ್ಲಿ ತೋಟಗಾರಿಕಾ ವಿಜ್ಞಾನಿ ಯಿನ್-ಟುಂಗ್ ವಾಂಗ್ ಫಲೆನಾಪ್ಸಿಸ್ ಮೇಲೆ ನಡೆಸಿದ ಪ್ರಯೋಗಗಳಲ್ಲಿ ಸಾರಜನಕದ ಹೆಚ್ಚಿನ ಪಾಲು ನೈಟ್ರೇಟ್ ಆಗಿದ್ದಾಗ ಬೆಳವಣಿಗೆಯೂ ಹೂವೂ ಉತ್ತಮವಾಗಿದ್ದವು. ಜೊತೆಗೆ ನೈಂಟೀನ್ ಆಲ್‌ನಲ್ಲಿ ಕ್ಯಾಲ್ಸಿಯಂ, ಮೆಗ್ನೀಷಿಯಂ ಇಲ್ಲ, ಆರ್‌ಒ ಅಥವಾ ಮಳೆನೀರಿನಲ್ಲೂ ಇಲ್ಲ. ಎಳೆಯ ಎಲೆಯ ತುದಿ ಕಪ್ಪಾಗಿ ಕರಗುವುದಕ್ಕೆ ಕ್ಯಾಲ್ಸಿಯಂ ಕೊರತೆ ಒಂದು ಕಾರಣ. ಆದ್ದರಿಂದ ನಾಲ್ಕು ವಾರದ ಸುತ್ತು ಹೀಗಿರಲಿ. ಮೊದಲ ವಾರ ಲೀಟರಿಗೆ ಅರ್ಧ ಗ್ರಾಂ ನೈಂಟೀನ್ ಆಲ್ ಜೊತೆ ಕಾಲು ಗ್ರಾಂ ಎಪ್ಸಂ ಸಾಲ್ಟ್ (ಮೆಗ್ನೀಷಿಯಂ ಸಲ್ಫೇಟ್). ಎರಡನೆಯ ವಾರ ಅರ್ಧ ಗ್ರಾಂ ಕ್ಯಾಲ್ಸಿಯಂ ನೈಟ್ರೇಟ್ ಮಾತ್ರ. ಇದರಿಂದ ಸುಮಾರು 78 ಪಿಪಿಎಂ ಸಾರಜನಕ, 94 ಪಿಪಿಎಂ ಕ್ಯಾಲ್ಸಿಯಂ ಸಿಗುತ್ತದೆ. ಮೂರನೆಯ ವಾರ ಮತ್ತೆ ಕ್ಯಾಲ್ಸಿಯಂ ನೈಟ್ರೇಟ್, ಅದರ ಜೊತೆ ಸೂಕ್ಷ್ಮ ಪೋಷಕಾಂಶಗಳ ಮಿಶ್ರಣ ಲೀಟರಿಗೆ ಕಾಲು ಗ್ರಾಂ ಮೀರದಂತೆ. ನಾಲ್ಕನೆಯ ವಾರ ಬರೀ ನೀರು, ಕುಂಡದ ಗಾತ್ರದ ಮೂರು-ನಾಲ್ಕು ಪಟ್ಟು ನಿಧಾನವಾಗಿ ಸುರಿದು ಉಳಿದ ಲವಣವನ್ನೆಲ್ಲ ತೊಳೆದು ಕಳಿಸಬೇಕು. ಕ್ಯಾಲ್ಸಿಯಂ ನೈಟ್ರೇಟನ್ನು ನೈಂಟೀನ್ ಆಲ್ ಅಥವಾ ಎಪ್ಸಂ ಸಾಲ್ಟಿನೊಂದಿಗೆ ಗಟ್ಟಿ ದ್ರಾವಣವಾಗಿ ಒಂದೇ ಬಾಟಲಿಯಲ್ಲಿ ಕಲಸಿಡಬೇಡಿ. ಫಾಸ್ಫೇಟ್, ಸಲ್ಫೇಟ್ ಜೊತೆ ಕ್ಯಾಲ್ಸಿಯಂ ಸೇರಿ ಬಿಳಿ ಗಷ್ಟಾಗಿ ತಳಕ್ಕೆ ಕೂರುತ್ತದೆ, ಗಿಡಕ್ಕೆ ಎರಡೂ ಸಿಗುವುದಿಲ್ಲ.

ಮೊದಲು ನೀರು ಹಾಕಿ ಆಮೇಲೆ ಗೊಬ್ಬರ ಎಂಬ ನಿಯಮ ಎಲ್ಲರ ಬಾಯಲ್ಲಿದೆ. ಗೊಬ್ಬರ ಗಟ್ಟಿಯಾಗಿದ್ದರೆ ಅದು ರಕ್ಷಣೆ, ನಿಜ. ಆದರೆ ಜರ್ಮನಿಯ ಸಸ್ಯವಿಜ್ಞಾನಿಗಳಾದ ಝೋಟ್ಜ್ ಮತ್ತು ವಿಂಕ್ಲರ್ 2013ರಲ್ಲಿ ವೆಲಮೆನ್ ಕುರಿತು ಪ್ರಕಟಿಸಿದ ಅಧ್ಯಯನ ಹೇಳುವುದೇ ಬೇರೆ. ಬೇರಿನ ಆ ಹೊದಿಕೆ ತನಗೆ ತಾಗಿದ ಮೊದಲ ದ್ರಾವಣವನ್ನು ಕ್ಷಣಗಳಲ್ಲಿ ತುಂಬಿಕೊಂಡು ಅದರಲ್ಲಿನ ಪೋಷಕಾಂಶವನ್ನು ಹಿಡಿದಿಟ್ಟುಕೊಳ್ಳುತ್ತದೆ. ಮರದ ಮೇಲೆ ಮಳೆಯ ಮೊದಲ ನೀರೇ ತೊಗಟೆಯ ಧೂಳು, ಹಕ್ಕಿಹಿಕ್ಕೆ ತೊಳೆದು ತರುವ ಸಾರವತ್ತಾದ ನೀರು. ಬರೀ ನೀರು ತುಂಬಿಸಿದ ಬೇರಿಗೆ ಆಮೇಲೆ ಕೊಟ್ಟ ತೆಳು ಗೊಬ್ಬರದಲ್ಲಿ ಬಹುಪಾಲು ತಳದಿಂದ ಹರಿದುಹೋಗುತ್ತದೆ. ಅರ್ಧ ಗ್ರಾಂ ಪ್ರಮಾಣದಲ್ಲಿ ನೇರವಾಗಿ ಒಣ ಬೇರಿಗೇ ಕೊಡುವುದು ಸರಿ ಎಂಬುದು ನನ್ನ ಖಚಿತ ಅಭಿಪ್ರಾಯ. ಎಲೆ ಜೋತು ಬೇರು ಬತ್ತಿದ ಗಿಡಕ್ಕೆ ಮಾತ್ರ ಮೊದಲು ಬರೀ ನೀರು.

30:10:10 ಎಂಬ ಆರ್ಕಿಡ್ ಗೊಬ್ಬರ ಈಗಲೂ ಮಾರಾಟವಾಗುತ್ತದೆ. ತೊಗಟೆಯನ್ನು ಕೊಳೆಸುವ ಸೂಕ್ಷ್ಮಜೀವಿಗಳು ಸಾರಜನಕವನ್ನು ತಾವೇ ತಿನ್ನುವುದರಿಂದ ಬರೀ ತೊಗಟೆಯಲ್ಲಿ ಬೆಳೆಸುವವರಿಗಾಗಿ ಹುಟ್ಟಿದ ಪಾಕ ಅದು. ಪಾಚಿ, ಇದ್ದಿಲು, ಹೆಂಚಿನಲ್ಲಿ ಕೂತ ಗಿಡಕ್ಕೆ ಅದರ ಅಗತ್ಯವಿಲ್ಲ.

ಇನ್ನು ಅಡುಗೆಮನೆಯ ಗೊಬ್ಬರಗಳು. ಅಕ್ಕಚ್ಚು, ಬಾಳೆಸಿಪ್ಪೆ ನೆನೆಸಿದ ನೀರು, ಈರುಳ್ಳಿ ಸಿಪ್ಪೆಯ ಕಷಾಯ, ಸೋಸಿದ ಚಹಾಪುಡಿ. ದಾಸವಾಳಕ್ಕೋ ಕರಿಬೇವಿಗೋ ಹಾಕಿ, ಮಣ್ಣಿನ ಜೀವಿಗಳು ಅದನ್ನು ಕರಗಿಸಿ ಬೇರಿಗೆ ಕೊಡುತ್ತವೆ. ತೊಗಟೆಯ ಕುಂಡದಲ್ಲಿ ಅಂಥ ಮಣ್ಣಿಲ್ಲ. ಪಿಷ್ಟ, ಸಕ್ಕರೆ ಚೂರುಗಳ ಸಂದಿಯಲ್ಲಿ ಹುಳಿತು, ಲೋಳೆಗಟ್ಟಿ, ಗಾಳಿಯ ದಾರಿ ಮುಚ್ಚುತ್ತದೆ. ಸಣ್ಣ ಕರಿನೊಣಗಳು ಮೊಟ್ಟೆಯಿಡುತ್ತವೆ. ಕರಾವಳಿಯಲ್ಲಿ ಸಗಣಿ, ಕಡಲೆಹಿಂಡಿ ಕೊಳೆಸಿ ತಿಳಿನೀರು ಮಾಡಿ ವಾಂಡಾ, ಡೆಂಡ್ರೋಬಿಯಂಗೆ ಕೊಟ್ಟು ಚೆಂದ ಹೂ ಪಡೆಯುವವರಿದ್ದಾರೆ, ಅದು ನಿಜ. ಅವು ಬಯಲಲ್ಲಿ ಇದ್ದಿಲಿನ ಮೇಲೆ ಬೇರು ಬಿಟ್ಟುಕೊಂಡು ನಿಂತ ಗಿಡಗಳು, ಮಳೆ ಎಲ್ಲವನ್ನೂ ತೊಳೆಯುತ್ತದೆ. ಮನೆಯೊಳಗಿನ ಫಲೆನಾಪ್ಸಿಸ್‌ಗೆ ಆ ಮಾತು ಹೊಂದುವುದಿಲ್ಲ.

ಹೂವು ಬಾರದಿದ್ದರೆ

ಗೊಬ್ಬರದ ಪ್ರಶ್ನೆಯ ಹಿಂದೆ ಇರುವ ನಿಜವಾದ ಆಸೆ ಮತ್ತೆ ಹೂವು ನೋಡುವುದು. ಅದಕ್ಕಾಗಿ ರಂಜಕ ತುಂಬಿದ 0:52:34, 10:52:10 ಕೊಳ್ಳುತ್ತಾರೆ. ಈ ಗಿಡಕ್ಕೆ ರಂಜಕ ಬೇಕಾದದ್ದು ಅಲ್ಪ. ಹೂದಂಟು ಹೊರಡಿಸುವುದು ತಾಪಮಾನ. ಹಗಲು 25, ರಾತ್ರಿ 20 ಡಿಗ್ರಿಯ ಆಸುಪಾಸಿನ ತಂಪು ನಾಲ್ಕಾರು ವಾರ ಸಿಕ್ಕರೆ ಬಲಿತ ಗಿಡ ದಂಟು ಬಿಡುತ್ತದೆ. 28-29 ಡಿಗ್ರಿಗಿಂತ ಮೇಲೆ ಉಳಿದರೆ ಬರೀ ಎಲೆ ಬಿಡುತ್ತಾ ಹೋಗುತ್ತದೆ. ಬೆಂಗಳೂರು, ಮಡಿಕೇರಿ, ಚಿಕ್ಕಮಗಳೂರಿನಲ್ಲಿ ಅಕ್ಟೋಬರಿನಿಂದ ಈ ತಂಪು ತಾನಾಗಿ ಬರುತ್ತದೆ. ಬೆಳಕಿರುವ ಪೂರ್ವದ ಕಿಟಕಿ ಇದ್ದರೆ ಮತ್ತೇನೂ ಮಾಡಬೇಕಿಲ್ಲ. ಮಂಗಳೂರಿನಲ್ಲಿ ಜನವರಿಯ ಹಗಲೂ 32-33 ಡಿಗ್ರಿ ಇರುತ್ತದೆ. ಅಲ್ಲಿ ಸೊಂಪಾದ ಎಲೆ, ಗಟ್ಟಿ ಬೇರು ಇದ್ದೂ ಹೂ ಬಾರದಿದ್ದರೆ ಸಾಕಣೆಯಲ್ಲಿ ಏನೂ ಲೋಪವಿಲ್ಲ, ಹವೆಯೇ ಹಾಗೆ. ರಾತ್ರಿ ಎಸಿ ಹಾಕುವ ಕೋಣೆಯಲ್ಲಿ, ಗಾಳಿ ನೇರವಾಗಿ ತಾಗದಂತೆ, ಡಿಸೆಂಬರ್-ಜನವರಿಯ ಐದಾರು ವಾರ ಮಲಗಿಸಿ, ಹಗಲು ನೆರಳಿರುವ ತಂಪು ಜಗಲಿಗೆ ತಂದರೆ ಕೆಲವು ತಳಿಗಳು ಒಪ್ಪುತ್ತವೆ. ಮೂರು ಎಲೆಗಿಂತ ಕಡಿಮೆಯಿರುವ, ಬೇರು ಕಳೆದುಕೊಂಡು ಚೇತರಿಸಿಕೊಳ್ಳುತ್ತಿರುವ ಗಿಡ ದಂಟು ಬಿಟ್ಟರೆ ಮಾತ್ರ ಮೊಗ್ಗು ಕಾಣುವ ಮೊದಲೇ ಬುಡದಲ್ಲಿ ಕತ್ತರಿಸಿಬಿಡಿ. ಆ ವರ್ಷದ ಹೂವಿಗೆ ಹೋಗುತ್ತಿದ್ದ ಶಕ್ತಿ ಹೊಸ ಬೇರು, ಹೊಸ ಎಲೆಗೆ ಉಳಿಯುತ್ತದೆ.